ನಡೆದು ಕಾಣುವ ಮೈಸೂರು



ಮೈಸೂರನ್ನು ನೋಡಿ ಬಂದೆವು ಎನ್ನುವ ಕುಟುಂಬಗಳು ನಮ್ಮಲ್ಲಿ ಅನೇಕ. ಬೆಳಿಗ್ಗೆ ವಾಹನದಲ್ಲಿ ಬೆಟ್ಟ, ಮಧ್ಯಾಹ್ನ ಅರಮನೆ, ಸಂಜೆ ಬೃಂದಾವನ, ರಾತ್ರಿಗೆ ಮರಳಿ ಮನೆ. ಏನು ಕಂಡಿರಿ ಎಂದು ಮಕ್ಕಳನ್ನು ಕೇಳಿದರೆ ಜನಜಂಗುಳಿಯ ಹೊರತು ಬೇರೇನೂ ನೆನಪಿನಲ್ಲಿ ಉಳಿದಿರುವುದಿಲ್ಲ. ಊರನ್ನು ಅರಿಯಬೇಕಾದರೆ ಕಾಲ್ನಡಿಗೆಯೇ ಮೇಲು.

'ನಡೆ' ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ಹೆಜ್ಜೆಯಿಡುವುದೂ ನಡೆಯೇ, ಆಚರಣೆಯೂ ನಡೆಯೇ. ಜಂಗಮ ಎಂಬ ಪದದ ಮೂಲಾರ್ಥವೂ ಚಲಿಸುವುದೆಂದೇ. ಹೀಗಿರುವಾಗ ನಡೆಯುವುದನ್ನು ನಾವು ಕೇವಲ ದೇಹಶ್ರಮವೆಂದು ತಿಳಿಯಲಾಗದು.

ಕಳೆದ ಕಾರ್ತಿಕದಲ್ಲಿ ಹತ್ತು ವರ್ಷದ ಮೊಮ್ಮಗನೊಡನೆ ಮೈಸೂರಿನಲ್ಲಿದ್ದೆ. ನಸುಕಿನಲ್ಲಿಯೇ ಲಿಂಗಪೂಜೆಯನ್ನು ಮುಗಿಸಿ, ಬೆಟ್ಟದ ಪಾದದಿಂದ ಮೆಟ್ಟಿಲೇರಲು ತೊಡಗಿದೆವು. ಸುಮಾರು ಒಂದು ಸಾವಿರ ಮೆಟ್ಟಿಲುಗಳು. ದೊಡ್ಡ ದೇವರಾಜ ಒಡೆಯರು (1659–1673) ಇವನ್ನು ಕಟ್ಟಿಸಿದರೆಂದು ಹೇಳುತ್ತಾರೆ. ಇಕ್ಕೆಲದಲ್ಲಿಯೂ ಕುರುಚಲು ಕಾಡು. ಎಲ್ಲಿಂದಲೋ ನವಿಲಿನ ಕೂಗು. ಹರಕೆ ಹೊತ್ತ ತಾಯಿಯೊಬ್ಬರು ಪ್ರತಿಯೊಂದು ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತ ಏರುತ್ತಿದ್ದರು. ಅವರನ್ನು ಕಂಡು ಹುಡುಗ ತನ್ನ ಕಾಲುನೋವಿನ ಮಾತನ್ನು ನಿಲ್ಲಿಸಿದ.

ಏಳುನೂರು ಮೆಟ್ಟಿಲುಗಳಷ್ಟು ಏರಿದರೆ ನಂದಿ. ಅಲ್ಲಿಯೇ ಇದ್ದ ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ. ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 24 ಅಡಿ. ಕೊರಳಿನ ಗಂಟೆಯ ಸರಗಳನ್ನು ಶಿಲ್ಪಿ ಒಂದೊಂದಾಗಿ ಬಿಡಿಸಿದ್ದಾನೆ. ಹುಡುಗ ಬಹಳ ಹೊತ್ತು ನಿಂತು ನೋಡಿ, "ತಾತ, ಕಾರಿನಲ್ಲಿ ಬಂದಾಗ ಈ ಬಸವ ಇಷ್ಟು ದೊಡ್ಡದಾಗಿರಲಿಲ್ಲ" ಎಂದ. ನಾನು ಹೇಳಬೇಕೆಂದಿದ್ದುದನ್ನು ಅವನೇ ಹೇಳಿದ್ದ.

ಆದರೆ ಮೆಟ್ಟಿಲಿನ ಬದಿಯ ಪೊದೆಗಳಲ್ಲಿ ಬಾಟಲಿ, ಪ್ಲಾಸ್ಟಿಕ್ ಚೀಲಗಳೂ ಕಂಡವು. ಇವು ಭಕ್ತರೇ ಬಿಟ್ಟುಹೋದವು. 2021ರ ಭಾರಿ ಮಳೆಗೆ ನಂದಿಯ ಕಡೆಗೆ ಹೋಗುವ ರಸ್ತೆಯ ಒಂದು ಭಾಗ ಕುಸಿದುದನ್ನು ಓದುಗರು ಬಲ್ಲರು. ಇಳಿಜಾರನ್ನು ಹಿಡಿದು ನಿಲ್ಲಿಸುವುದು ಮರಗಿಡಗಳ ಬೇರು. ಮಳೆಯ ನೀರು ಹರಿದುಹೋಗಲು ದಾರಿ ಇರಬೇಕು. ಕಾಡನ್ನು ಕಡಿದು, ನೀರಿನ ದಾರಿಯನ್ನು ಕಸದಿಂದ ಮುಚ್ಚಿದರೆ ಬೆಟ್ಟ ತಾಳುವುದೆಂತು? ಪೂಜ್ಯವೆಂದು ಕೈಮುಗಿದ ಸ್ಥಳವನ್ನೇ ಕೆಡಿಸುವುದು ಯಾವ ಭಕ್ತಿ?

ಸಂಜೆ ನಗರದ ನಡುವೆ ನಡೆದೆವು. ಅರಮನೆಯ ಹತ್ತಿರದ ದೊಡ್ಡ ಗಡಿಯಾರದ ಗೋಪುರವು 75 ಅಡಿ ಎತ್ತರದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಹಣ ಕೂಡಿಸಿದವರು ಅರಮನೆಯ ನೌಕರರು. ದುಡಿಯುವವರು ತಮ್ಮ ಗಳಿಕೆಯಿಂದ ಎತ್ತಿ ನಿಲ್ಲಿಸಿದ ಗೋಪುರವೆಂದಾಗ ಅದರ ಮೇಲಿನ ಕನ್ನಡ ಅಂಕಿಗಳನ್ನು ಹುಡುಗ ಅಕ್ಕರೆಯಿಂದ ಓದಿದ. ಅರಮನೆಯಾದರೂ 1897ರಲ್ಲಿ ಹಳೆಯದು ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿ, 1912ರಲ್ಲಿ ಪೂರ್ಣಗೊಳಿಸಿದುದು.

ಮರುದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 1864ರ ಕೆರೆಯಿದು. ಕುವೆಂಪು ಅವರು ವಾಯುವಿಹಾರ ಮಾಡುತ್ತಿದ್ದ ಏರಿಯ ಮೇಲೆ ಇಂದಿಗೂ ಮರಗಳ ನೆರಳಿದೆ. ಹೆಜ್ಜಾರ್ಲೆ, ನೀರುಕಾಗೆಗಳನ್ನು ಕುಳಿತು ನೋಡಬಹುದು. ಮಂಡಿನೋವಿರುವ ಹಿರಿಯರು ಬೆಟ್ಟದ ಹಂಬಲವನ್ನು ಬಿಟ್ಟು ಇಲ್ಲಿ ಮೆಲ್ಲನೆ ನಡೆಯಲಿ. ಹಟದಿಂದ ಮೆಟ್ಟಿಲೇರುವುದು ತರವಲ್ಲ.

ಹೋಗುವವರಿಗೆ ಎರಡು ಮಾತು. ಬಿಸಿಲೇರುವ ಮೊದಲೇ ಹೊರಡಿರಿ. ನೀರನ್ನು ಮನೆಯಿಂದಲೇ ಒಯ್ಯಿರಿ. ಜೊತೆಗೊಂದು ಬಟ್ಟೆಯ ಚೀಲವೂ ಇರಲಿ. ನಮ್ಮ ಹುಡುಗ ಇಳಿಯುವಾಗ ಅಂತಹ ಚೀಲವೊಂದನ್ನು ತುಂಬಿಸಿಕೊಂಡೇ ಕೆಳಗೆ ಬಂದ. ಯಾರೂ ಹೇಳಿರಲಿಲ್ಲ. ಆ ಬೆಳಿಗ್ಗೆ ಅವನು ನಡೆಯ ಎರಡನೆಯ ಅರ್ಥವನ್ನೂ ಕಲಿತನೆಂದು ನನಗೆ ಸಂತೋಷವಾಯಿತು.