ನಾಳೆಯ ಮೇವು ಯಾವ ದಿಕ್ಕಿಗೆ

ಪೂರ್ತಿ ಗೊತ್ತಾದ ಮೇಲೆ ಹೆಜ್ಜೆ ಇಡೋಣ ಎಂಬುದು ನೆಲೆ ನಿಂತವರ ಮಾತು. ಅಥಣಿ, ರಾಯಬಾಗ, ಗೋಕಾಕ ಸೀಮೆಯ ಅಲೆಮಾರಿ ಕುರಿಗಾರರಿಗೆ ಆ ಪುರುಸೊತ್ತಿಲ್ಲ. ಗೊತ್ತಾಗಲಿ ಎಂದು ಕಾದು ಕೂತರೆ ಅಷ್ಟರಲ್ಲಿ ಮೇವು ಮುಗಿದಿರುತ್ತದೆ.

ಅವರ ಇಕ್ಕಟ್ಟು ಅರಿಯಲು ಒಂದು ಜೋಳದ ಹೊಲ ಸಾಕು. ಸುತ್ತಲಿನ ನೆಲವೆಲ್ಲ ಒಣಗಿ ಬಿರಿದಿದೆ, ಕೊಯ್ಲಾದ ಕೂಳೆಯಲ್ಲಿ ಮಾತ್ರ ಹಸಿರು ಚಿಗುರಿದೆ. ಹಸಿದ ಹಿಂಡು ಅತ್ತಲೇ ನುಗ್ಗುತ್ತದೆ. ಆದರೆ ನೀರಿಲ್ಲದೆ ಸೊರಗಿದ ಎಳೆ ಜೋಳದಲ್ಲಿ ಸಯನೈಡ್ ವಿಷವಿರುತ್ತದೆ. ಮೇಯ್ದ ಕುರಿ ನಿಮಿಷಗಳಲ್ಲೇ ಉಸಿರುಕಟ್ಟಿ ಬೀಳಬಹುದು. ಮಳೆ ಬಿದ್ದ ಮೇಲಿನ ಹೊಸ ಹುಲ್ಲನ್ನು ಒಮ್ಮೆಲೇ ಹೆಚ್ಚು ತಿಂದರೆ ಕರುಳುಬೇನೆ. ಕಣ್ಣಿಗೆ ಒಳ್ಳೆಯದಾಗಿ ಕಂಡದ್ದೇ ಕೊಲ್ಲಬಹುದಾದ ಲೋಕ ಅದು.

ಅಲ್ಲಿ ಅವರು ನಿರ್ಧಾರವನ್ನೇ ಚಿಕ್ಕದು ಮಾಡಿಕೊಳ್ಳುತ್ತಾರೆ. ದಿಕ್ಕು ಹಿರಿಯರು ತುಳಿದದ್ದೇ; ಯಾರ ಹೊಲ, ಎಷ್ಟು ರಾತ್ರಿ ಎಂಬುದು ಮಾತ್ರ ಆಯಾ ಹೊತ್ತಿನದು. ಒಬ್ಬ ಮುಂದೆ ಹೋಗಿ ಮೇವು, ನೀರು ನೋಡಿಬರುತ್ತಾನೆ. ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿಕೊಳ್ಳುವ ರೈತನ ಜತೆ ಕಾಳಿನದೋ ದುಡ್ಡಿನದೋ ಮಾತಾಗುತ್ತದೆ. ಲೆಕ್ಕ ತಪ್ಪಿದರೆ ಒಂದೆರಡು ದಿನದ ಮೇವು ಹೋಗುತ್ತದೆ, ಹಿಂಡು ಉಳಿಯುತ್ತದೆ. ಮಳೆಯ ಸುದ್ದಿ ಈಗ ಮೊಬೈಲಿಗೇ ಬರುತ್ತದೆ, ನಿಜ. ಆದರೆ ಮಳೆಯಾದ ಸುದ್ದಿಯೇ ಬೇರೆ, ಕುರಿಯ ಬಾಯಿಗೆ ಸಿಗುವ ಹುಲ್ಲೇ ಬೇರೆ.

ಎಲ್ಲವನ್ನೂ ಹೀಗೆ ಚಿಕ್ಕದು ಮಾಡಲಾಗದು. ಊರು ಬಿಡುವುದು ಯಾವಾಗ, ಬರದಲ್ಲಿ ಎಷ್ಟು ಕುರಿ ಮಾರುವುದು ಎಂಬಂಥವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ರಾಜಸ್ಥಾನದ ರಾಯ್ಕಾ ಕುರಿಗಾರರ ಬಗ್ಗೆ ಅರುಣ್ ಅಗ್ರವಾಲ್ 1999ರಲ್ಲಿ 'ಗ್ರೀನರ್ ಪಾಶ್ಚರ್ಸ್' ಎಂಬ ಪುಸ್ತಕ ಬರೆದರು. ಅದರ ಪ್ರಕಾರ, ಹಲವು ಕುಟುಂಬಗಳು ಕೂಡಿ ಸಾಗುವಾಗ ಅಲ್ಲಿ ನಂಬರ್‌ದಾರ್ ಎಂಬ ಮುಖಂಡನಿಗೆ ಇಂಥ ಅನೇಕ ತೀರ್ಮಾನಗಳನ್ನು ಒಪ್ಪಿಸುತ್ತಾರೆ. ನಾಳೆಯ ದಿನ ಅವನಿಗೂ ಕಾಣುವುದಿಲ್ಲ. ಆದರೆ ಅವನೂ ಅದೇ ದಾರಿಯಲ್ಲಿ, ಅದೇ ಬಿಸಿಲಲ್ಲಿ ನಡೆಯುವವನು. ತೀರ್ಮಾನ ಹುಸಿಯಾದರೆ ಪೆಟ್ಟು ಅವನಿಗೂ ಬೀಳುತ್ತದೆ. ಅವನ ಮಾತಿಗೆ ತೂಕ ಬರುವುದು ಅಲ್ಲಿಂದ ಎಂದೇ ನನ್ನ ನಂಬಿಕೆ.

ಗೋಮಾಳವನ್ನು ಬೇರೆ ಕೆಲಸಕ್ಕೆ ಕೊಡುವವರು, ಕಾಡಂಚಿನ ಹಾದಿಗೆ ಬೇಲಿ ಹಾಕಿಸುವವರು ಆ ದಾರಿಯಲ್ಲಿ ನಡೆಯುವುದಿಲ್ಲ. ಮುಚ್ಚಿದ ಒಂದೊಂದು ಹಾದಿಯೂ ಕುರಿಗಾರನಿಗೆ ತಪ್ಪು ತಿದ್ದಿಕೊಳ್ಳಲು ಇದ್ದ ಅವಕಾಶವನ್ನು ಕಿತ್ತುಕೊಳ್ಳುತ್ತದೆ. ಅಂಥ ತೀರ್ಮಾನದ ಸಭೆಗಳಲ್ಲಿ ಕುರಿಗಾರರನ್ನೂ ಕೂರಿಸಿ, ಅವರ ಮಾತು ಕೇಳಿದ ಮೇಲೆಯೇ ಸಹಿ ಹಾಕಿ.