ಮೂಲ ಯಾವುದ್ರಿ?

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಸಮೀಕ್ಷೆಗೆ ಹೊರಟಾಗ ಜಾತಿಗಳ ಪಟ್ಟಿಯಲ್ಲಿ ‘ಬ್ರಾಹ್ಮಣ ಕ್ರಿಶ್ಚಿಯನ್’, ‘ಒಕ್ಕಲಿಗ ಕ್ರಿಶ್ಚಿಯನ್’, ‘ಕುರುಬ ಕ್ರಿಶ್ಚಿಯನ್’ ಎಂಬಂಥ ಹೆಸರುಗಳು ಕಾಣಿಸಿಕೊಂಡವು. ದೊಡ್ಡ ಗದ್ದಲವಾಯಿತು. ಮತಾಂತರಕ್ಕೆ ಸರ್ಕಾರವೇ ಮುದ್ರೆ ಒತ್ತುತ್ತಿದೆ ಎಂದು ಒಂದು ಪಕ್ಷದವರು ಬೀದಿಗಿಳಿದರು. ನಮ್ಮ ಸಭೆಗಳಲ್ಲೂ ಅಸಮಾಧಾನವಿತ್ತು. ಕ್ರಿಸ್ತನಲ್ಲಿ ಜಾತಿಯೇ ಇಲ್ಲ, ನಮ್ಮ ಹೆಸರಿನ ಹಿಂದೆ ಅದನ್ನು ಅಂಟಿಸಲು ಇವರು ಯಾರು ಎಂಬ ಮಾತು ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕೇಳಿಬಂತು. ಕೊನೆಗೆ ಆಯೋಗ ಅಂಥ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಎರಡೂ ಕಡೆಯವರಿಗೆ ಸಮಾಧಾನವಾಯಿತು.

ಆದರೆ ಹುಬ್ಬಳ್ಳಿ-ಧಾರವಾಡದ ಯಾವುದೇ ಕ್ರೈಸ್ತ ಮನೆಯಲ್ಲಿ ಮಗಳಿಗೆ ಗಂಡು ನೋಡುವಾಗ ನಡೆಯುವ ಮಾತುಕತೆಯನ್ನು ಒಮ್ಮೆ ಕೇಳಿ ನೋಡಿ. ಹುಡುಗನ ಓದು, ನೌಕರಿ, ಯಾವ ಸಭೆ, ಯಾವ ಪಾಸ್ಟರು, ಎಲ್ಲ ಆದ ಮೇಲೆ ಚಹಾದ ಕಪ್ಪು ಕೆಳಗಿಡುತ್ತ ಹಿರಿಯರೊಬ್ಬರು ಮೆತ್ತಗೆ ಕೇಳುತ್ತಾರೆ: “ಅದಿರಲಿ, ಮೂಲ ಯಾವುದ್ರಿ? ನಿಮ್ಮ ಹಿರ್ಯಾರು ಮೊದಲ ಏನಿದ್ರು?” ಕೇಳಿದವರೇ ಕೂಡಲೇ ಸಮಜಾಯಿಷಿಯನ್ನೂ ಕೊಡುತ್ತಾರೆ: “ನಮಗೇನು ಅಂಥಾದ್ದಿಲ್ರಿ, ಆದ್ರ ಮಂದಿ ಕೇಳ್ತಾರ.” ಆಯೋಗದ ಪಟ್ಟಿಯಿಂದ ಹೋದ ಹೆಸರು ನಮ್ಮ ಪಡಸಾಲೆಯಲ್ಲಿ ಹಾಯಾಗಿ ಕೂತಿದೆ.

ನನ್ನ ವಾದ ಸರಳವಾದದ್ದು. ಆತ್ಮದ ಬಿಡುಗಡೆ ಎಂದು ನಾವು ಪ್ರತಿ ಭಾನುವಾರ ಹಾಡುವುದು ನಿಜವೋ ಸುಳ್ಳೋ ಎಂಬುದು ಗೊತ್ತಾಗುವುದು ಈ ಪ್ರಶ್ನೆಯಲ್ಲಿ. ಎಷ್ಟು ಗಂಟೆ ಪ್ರಾರ್ಥಿಸಿದೆವು, ಎಷ್ಟು ಅಧ್ಯಾಯ ಓದಿದೆವು, ಉಪವಾಸ ಕೂಟದಲ್ಲಿ ಎಷ್ಟು ಅತ್ತೆವು ಎಂಬುದರಲ್ಲಿ ಅದು ಗೊತ್ತಾಗುವುದಿಲ್ಲ. ‘ಮೂಲ ಯಾವುದ್ರಿ’ ಎಂದು ಕೇಳುವವರೆಗೆ ನಾವು ಬಿಡುಗಡೆಯಾದವರಲ್ಲ. ಬಿಡುಗಡೆಯಾಗದವರು ಸರ್ಕಾರದ ಮುಂದೆ ನಿಂತು ಧಾರ್ಮಿಕ ಸ್ವಾತಂತ್ರ್ಯ ಕೇಳುವಾಗ ಆ ದನಿಯಲ್ಲಿ ಬಲವಿರುವುದಿಲ್ಲ.

ಇದು ನಮ್ಮ ಸಭೆಗಳ ಚರಿತ್ರೆಗೇ ಮಾಡುವ ದ್ರೋಹ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿತು. ಈ ದೇಶಕ್ಕೆ ಅದಕ್ಕಿಂತ ಮೊದಲೇ ಬಂದಿದ್ದ ಕೆಲವು ಮಿಷನ್‌ಗಳು ಜಾತಿಯ ಜೊತೆ ರಾಜಿ ಮಾಡಿಕೊಂಡಿದ್ದವು. ಹದಿನೇಳನೆಯ ಶತಮಾನದಲ್ಲಿ ಮಧುರೆಯ ಡಿ ನೊಬಿಲಿ ಜಾತಿಯನ್ನು ಲೌಕಿಕ ಸಂಪ್ರದಾಯವೆಂದು ಬಗೆದು, ಮತ ಬದಲಾದರೂ ಅದನ್ನು ಉಳಿಸಿಕೊಳ್ಳಬಹುದು ಎಂದ. ಬಾಸೆಲ್‌ನವರು ಇದಕ್ಕೆ ಒಪ್ಪಲಿಲ್ಲ. ದೀಕ್ಷಾಸ್ನಾನಕ್ಕೆ ಬರುವವನು ಜಾತಿಯನ್ನು ಹೊಸ್ತಿಲ ಆಚೆಗೇ ಬಿಟ್ಟು ಬರಬೇಕು, ಎಲ್ಲರ ಜೊತೆ ಕೂತು ಉಣ್ಣಬೇಕು ಎಂದು ಹಟ ಹಿಡಿದರು. ಅವರಲ್ಲಿ ದೋಷಗಳಿದ್ದವು. ಈ ನೆಲದ ದೇವರುಗಳ ಬಗ್ಗೆ ಅವರು ಬರೆದ ಎಷ್ಟೋ ಮಾತುಗಳನ್ನು ಇಂದು ಓದಿದರೆ ಮುಜುಗರವಾಗುತ್ತದೆ. ಆದರೆ ಈ ಒಂದು ವಿಷಯದಲ್ಲಿ ಅವರು ಸರಿಯಿದ್ದರು.

ಆ ಹಟದ ಬೆಲೆ ತೆತ್ತವರು ಮಾತ್ರ ನಮ್ಮ ಮುತ್ತಜ್ಜ ಮುತ್ತಜ್ಜಿಯರು. ಜಾತಿ ಬಿಟ್ಟವನಿಗೆ ಮನೆ ಹೋಗುತ್ತಿತ್ತು, ಬಾವಿ ಹೋಗುತ್ತಿತ್ತು, ಕಸುಬು ಹೋಗುತ್ತಿತ್ತು. ಮತ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿ ತಪ್ಪಬಾರದು ಎಂದು 1850ರಲ್ಲಿ ಕಂಪನಿ ಸರ್ಕಾರ ಕಾಯಿದೆಯನ್ನೇ ತರಬೇಕಾಯಿತು. ಆಸ್ತಿಯೇ ಇಲ್ಲದವನಿಗೆ ಆ ಕಾಯಿದೆಯಿಂದ ಏನೂ ಸಿಗಲಿಲ್ಲ. ಮಿಷನ್ನಿನವರು ನೇಯ್ಗೆಯ ಕಾರ್ಖಾನೆ, ಹಂಚಿನ ಕಾರ್ಖಾನೆ ತೆರೆದದ್ದಕ್ಕೆ ಇದೂ ಒಂದು ಮುಖ್ಯ ಕಾರಣ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆಯನ್ನು ಉದ್ಯಮದ ಚರಿತ್ರೆಯಾಗಿ ಓದುತ್ತೇವೆ. ಅದು ವಿಶ್ವಾಸದ ಚರಿತ್ರೆಯೂ ಹೌದು. ಜಾತಿ ಬಿಡು ಎಂದು ಹೇಳಿದ ಮೇಲೆ ನಾಳೆ ಏನು ಉಣ್ಣುತ್ತೀ ಎಂದೂ ಕೇಳಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಜಾತಿ ಬಿಟ್ಟ ಕಾರಣಕ್ಕೆ ಊರು ಬಿಟ್ಟವರ ಮರಿಮಕ್ಕಳು ಇಂದು ಅದೇ ಜಾತಿಯನ್ನು ಹುಡುಕಿ ತೆಗೆದು ಮದುವೆಗೆ ತೂಗಿ ನೋಡುತ್ತಿದ್ದೇವೆ.

ಪೌಲನು ಗಲಾತ್ಯದ ಸಭೆಗಳಿಗೆ ಬರೆದ ಪತ್ರಿಕೆಯನ್ನು ಬಿಡುಗಡೆಯ ಪತ್ರಿಕೆ ಎನ್ನುತ್ತಾರೆ. ನಮ್ಮ ಬೋಧಕರು ಅದರ ಮೇಲೆ ಎಷ್ಟೋ ಪ್ರಸಂಗ ಮಾಡಿದ್ದಾರೆ. ಆ ಪತ್ರಿಕೆಯ ನಡುವೆ ಒಂದು ಊಟದ ಜಗಳವಿರುವುದನ್ನು ಮಾತ್ರ ಬೇಗ ದಾಟಿಬಿಡುತ್ತಾರೆ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದದ್ದೇ ತಡ, ಅವರು ಏನೆಂದುಕೊಂಡಾರೋ ಎಂದು ಹೆದರಿ ಪಂಕ್ತಿಯಿಂದ ಹಿಂದೆ ಸರಿದ. ಪೌಲ ಅವನನ್ನು ಎಲ್ಲರ ಎದುರಿಗೇ ತರಾಟೆಗೆ ತೆಗೆದುಕೊಂಡ. ಪೇತ್ರನ ತಪ್ಪು ಸಿದ್ಧಾಂತದಲ್ಲಿ ಇರಲಿಲ್ಲ, ಎಲೆಯ ಮುಂದೆ ಇತ್ತು. ‘ಮಂದಿ ಕೇಳ್ತಾರ’ ಎಂಬ ನಮ್ಮ ಮಾತಿಗೂ ಪೇತ್ರನ ಅಂಜಿಕೆಗೂ ಏನು ವ್ಯತ್ಯಾಸ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ತೂಕದ್ದೇ. ಜಾತಿಯನ್ನು ಬರೆಸಿಕೊಳ್ಳುವವರಲ್ಲಿ ದಲಿತ ಕ್ರೈಸ್ತರೂ ಇದ್ದಾರೆ, ಅವರನ್ನೂ ಹೀಗೇ ಬಯ್ಯುತ್ತೀರಾ ಎಂದು ಕೇಳಬಹುದು. ಖಂಡಿತ ಇಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು. ಕ್ರೈಸ್ತರಾದ, ಮುಸ್ಲಿಮರಾದ ದಲಿತರಿಗೆ ತೆರೆಯಲಿಲ್ಲ. ರಂಗನಾಥ ಮಿಶ್ರ ಆಯೋಗ 2007ರಲ್ಲೇ ಈ ಭೇದ ಹೋಗಬೇಕು ಎಂದು ವರದಿ ಕೊಟ್ಟಿತು. ಹೊಲಗೇರಿಯಲ್ಲೇ ವಾಸ, ಅದೇ ಕೂಲಿ, ಅದೇ ಅವಮಾನ, ಚರ್ಚಿಗೆ ಹೋದ ಮಾತ್ರಕ್ಕೆ ಹಕ್ಕು ಇಲ್ಲ. ಈ ಅನ್ಯಾಯದ ಲೆಕ್ಕ ಕೇಳಲು ಒಬ್ಬ ದಲಿತ ಕ್ರೈಸ್ತ ತನ್ನ ಜಾತಿಯ ಹೆಸರು ಹೇಳಿದರೆ ಅವನು ಗಾಯ ತೋರಿಸುತ್ತಿದ್ದಾನೆ. ಮೇಲುಜಾತಿಯ ಮೂಲದವನು ಸಂಬಂಧ ಕುದುರಿಸಲು ತನ್ನ ಜಾತಿಯ ಹೆಸರು ಹೇಳಿದರೆ ಅವನು ಪದಕ ತೋರಿಸುತ್ತಿದ್ದಾನೆ. ಕ್ರಿಸ್ತನಲ್ಲಿ ಜಾತಿಯಿಲ್ಲ ಎಂದು ಮೊದಲನೆಯವನ ಬಾಯಿ ಮುಚ್ಚಿಸಿ, ಎರಡನೆಯವನನ್ನು ಸಭೆಯ ಹಿರಿಯನನ್ನಾಗಿ ಮಾಡುವುದು ಇಬ್ಬಗೆಯ ಪಾಪ.

ಇನ್ನು ಹೊರಗಿನವರ ಮಾತಿಗೆ ಬರೋಣ. 2021ರ ಅಕ್ಟೋಬರ್ 17ರ ಭಾನುವಾರ ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ ಪ್ರಾರ್ಥನಾಲಯವೊಂದರ ಒಳಗೆ ಗುಂಪೊಂದು ನುಗ್ಗಿ ಕೂತು ಭಜನೆ ಮಾಡಿತು. ಮತಾಂತರ ನಡೆಯುತ್ತಿದೆ ಎಂಬುದು ಅವರ ದೂರು. ಅದೇ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಅಂಗೀಕರಿಸಿತು, 2022ರಲ್ಲಿ ಅದು ಕಾಯಿದೆಯಾಯಿತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಆ ಕಾಯಿದೆಯ ಪ್ರಕಾರ ಮತ ಬದಲಿಸುವವನು ಮೂವತ್ತು ದಿನ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ ಆಕ್ಷೇಪ ಕರೆಯಬೇಕು. ಹಿಂದಿನ ಮತಕ್ಕೆ ಮರಳುವವನಿಗೆ ಇದಾವುದೂ ಇಲ್ಲ. ಹೋಗುವ ದಾರಿಗೆ ಗೇಟು, ಬರುವ ದಾರಿ ಬಯಲು. ಸಂವಿಧಾನದ 25ನೆಯ ವಿಧಿ ಹೇಳುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು. ಆತ್ಮಸಾಕ್ಷಿಗೆ ನೋಟಿಸ್ ಬೋರ್ಡು ಇರುವುದಿಲ್ಲ. ಒಬ್ಬ ಮನುಷ್ಯ ರಾತ್ರಿ ತನ್ನ ದೇವರ ಜೊತೆ ಆಡಿದ ಮಾತಿಗೆ ಬೆಳಿಗ್ಗೆ ಊರಿನವರ ಆಕ್ಷೇಪ ಕರೆಯುವುದು ನಾಚಿಕೆಗೇಡು.

ಆದರೆ ಇದಕ್ಕೆ ನಾವು ಕೊಡುತ್ತಿರುವ ಉತ್ತರ ಏನು? ‘ನಾವು ಯಾರನ್ನೂ ಮತಾಂತರ ಮಾಡಿಲ್ಲ, ನಾವು ಶಾಲೆ ನಡೆಸುವವರು, ಆಸ್ಪತ್ರೆ ನಡೆಸುವವರು, ಕಿಟೆಲ್ ನಮಗೆ ನಿಘಂಟು ಕೊಟ್ಟ.’ ಕಿಟೆಲ್‌ನ 1894ರ ನಿಘಂಟು ಕನ್ನಡಕ್ಕೆ ಸಂದ ದೊಡ್ಡ ಕಾಣಿಕೆ, ಅನುಮಾನವಿಲ್ಲ. ಅವನ ಹೆಸರಿನ ಕಾಲೇಜು ಧಾರವಾಡದಲ್ಲಿದೆ, ಹೆಮ್ಮೆಯ ವಿಷಯ. ಆದರೆ ನೂರು ವರ್ಷಕ್ಕೂ ಹಿಂದಿನ ಒಬ್ಬ ಜರ್ಮನ್ ವಿದ್ವಾಂಸನನ್ನು ಗುರಾಣಿ ಮಾಡಿಕೊಂಡು ಅದರ ಹಿಂದೆ ಅಡಗುವುದು ವಿಶ್ವಾಸವಲ್ಲ, ಭಯ. ನಮ್ಮ ನಂಬಿಕೆಯ ಪರವಾಗಿ ಹೇಳಲು ನಮ್ಮ ಇಂದಿನ ಬದುಕಿನಲ್ಲಿ ಏನೂ ಸಿಗದಾಗ ಮಾತ್ರ ಹೀಗೆ ಹಳೆಯ ಬಿಲ್ಲು ತೋರಿಸಬೇಕಾಗುತ್ತದೆ.

ಭಯವಿಲ್ಲದ ಒಬ್ಬ ಕ್ರೈಸ್ತ ನಮ್ಮ ಊರಲ್ಲೇ ಇದ್ದ. ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಸಭಾಪಾಲಕರು. ಹಳ್ಳಿ ಹಳ್ಳಿ ತಿರುಗಿ, ಜನರ ಬಾಯಲ್ಲಿದ್ದುದನ್ನೂ ಓಲೆಗರಿಯಲ್ಲಿದ್ದುದನ್ನೂ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚು ಹಾಕಿಸಿದರು. ಬಸವಣ್ಣನ ಬಗ್ಗೆ ಬರೆದರು, ಅನುಭವ ಮಂಟಪದ ಪರ ವಾದಿಸಿದರು. ಪಾದ್ರಿಗೆ ಸರ್ವಜ್ಞ ಯಾಕೆ ಎಂದು ಅವರನ್ನು ಕೇಳಿದವರು ಇದ್ದೇ ಇರುತ್ತಾರೆ, ಆ ಕಡೆಯವರೂ ಈ ಕಡೆಯವರೂ. ಕನ್ನಡಿಗರು ಮಾತ್ರ ಅವರನ್ನು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು. ಅವರು ಅದಕ್ಕಾಗಿ ತಮ್ಮ ಕ್ರಿಸ್ತನನ್ನು ಮುಚ್ಚಿಡಲಿಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರ ಒಂದು ಪುಸ್ತಕದ ಹೆಸರು. ಆ ಹೆಸರಿನಲ್ಲೇ ಅವರ ನಿಲುವು ಇದೆ: ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಮಾಡುತ್ತಿಲ್ಲ, ಅಂಜಿ ಕೈಕಟ್ಟಿಯೂ ನಿಂತಿಲ್ಲ, ಸರೀಕರಂತೆ ವಿನಂತಿಸುತ್ತಿದೆ.

ಉತ್ತಂಗಿಯವರಿಗೆ ಅನ್ಯರ ಒಳ್ಳೆಯದನ್ನು ಒಳ್ಳೆಯದೆನ್ನಲು ತಮ್ಮ ನಂಬಿಕೆ ಅಡ್ಡ ಬರಲಿಲ್ಲ. ಜಾತಿಯ ಮೇಲೆ ಸಿಟ್ಟಾದವರು ಎಲ್ಲೇ ಇರಲಿ, ಅವರಲ್ಲಿ ತಮ್ಮವರನ್ನು ಕಂಡರು. ನಮ್ಮದು ತಲೆಕೆಳಗಾಗಿದೆ. ನೆರೆಮನೆಯವರು ದೀಪಾವಳಿಗೆ ಕೊಟ್ಟ ಕರ್ಚಿಕಾಯಿ ತಿನ್ನಬಹುದೋ ಇಲ್ಲವೋ ಎಂದು ಧರ್ಮಸಂಕಟ ಪಡುವ ನಾವು, ಅದೇ ನೆರೆಮನೆಯವರ ಜಾತಿಯ ಲೆಕ್ಕಾಚಾರವನ್ನು ಅಗಿಯದೆ ನುಂಗಿದ್ದೇವೆ. ಕರ್ಚಿಕಾಯಿ ತಿಂದಿದ್ದರೆ ನಷ್ಟವಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಪುನರುಜ್ಜೀವನ ಕೂಟ ಬೇಕಾಗಿಲ್ಲ. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಆರಾಧನೆಯಲ್ಲಿ ವಧೂವರರ ಹೆಸರು ಓದಿ, ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಿ ಎನ್ನುವ ಪದ್ಧತಿಯಿದೆ. ಅಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ, ಯಾಕೆಂದರೆ ಆಕ್ಷೇಪವೆಲ್ಲ ಮನೆಯಲ್ಲೇ ಮುಗಿದಿರುತ್ತದೆ. ಜಾತಿಯ ಕಾರಣಕ್ಕೆ ಮಕ್ಕಳ ಮದುವೆಯನ್ನು ತಡೆದವರು ಸಭೆಯ ಹಿರಿಯರಾಗಿರಬಾರದು ಎಂದು ಒಂದು ಸಭೆಯಾದರೂ ಠರಾವು ಮಾಡಲಿ. ವರದಕ್ಷಿಣೆ ಕೊಟ್ಟು ತಂದ ಮದುವೆಯನ್ನು ಆಶೀರ್ವದಿಸುವುದಿಲ್ಲ ಎಂದು ಒಬ್ಬ ಪಾಸ್ಟರಾದರೂ ಹೇಳಲಿ. ಚರ್ಚಿನ ಕಸ ಗುಡಿಸುವ ಹೆಣ್ಣುಮಗಳಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಸಿಗುತ್ತಿದೆಯೇ ಎಂದು ಕಮಿಟಿಯ ಮೀಟಿಂಗಿನಲ್ಲಿ ಯಾರಾದರೂ ಎದ್ದು ಕೇಳಲಿ. ಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ ಬೇರೆ ಲೋಟ ಇಟ್ಟವರು ಪ್ರಭುಭೋಜನದ ಪಾತ್ರೆಗೆ ಕೈಚಾಚುವ ಮೊದಲು ಆ ಲೋಟವನ್ನು ನೆನೆಯಲಿ. ಇವು ಸೋಮವಾರದಿಂದ ಶನಿವಾರದವರೆಗಿನ ಕೆಲಸಗಳು.

ಇಷ್ಟಾದರೆ ಮತಾಂತರದ ಗಲಾಟೆ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ಬಹುಶಃ ಹೆಚ್ಚೂ ಆದೀತು. ಜಾತಿಯಿಲ್ಲದೆ ಬದುಕುವ ಸಣ್ಣದೊಂದು ಗುಂಪು ಊರಲ್ಲಿದ್ದರೆ ಅದನ್ನು ಕಂಡು ಸಿಟ್ಟಾಗುವವರು ಇದ್ದೇ ಇರುತ್ತಾರೆ. ಆದರೆ ಅವತ್ತು ನಮ್ಮ ಮೇಲೆ ಬರುವ ದೂರು ಸರಿಯಾದ ದೂರಾಗಿರುತ್ತದೆ. ಅಕ್ಕಿ ಕೊಟ್ಟರು, ದುಡ್ಡು ಕೊಟ್ಟರು ಎಂದು ದೂರುವ ಬದಲು, ಇವರು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಾರೆ, ಯಾರಿಗೆ ಯಾರನ್ನು ಬೇಕಾದರೂ ಕೊಟ್ಟು ಮದುವೆ ಮಾಡುತ್ತಾರೆ ಎಂದು ದೂರುತ್ತಾರೆ. ಅಂಥ ದೂರು ನಮ್ಮ ಮೇಲೆ ಬರಲಿ. ಅದಕ್ಕೆ ಕಿಟೆಲ್‌ನನ್ನು ಕರೆಯದೆ, ವಕೀಲರನ್ನು ಕೇಳದೆ, ಹೌದು ಎಂದು ಒಪ್ಪಿಕೊಳ್ಳಬಹುದು.