ಮಕ್ಕಳ ಕ್ಯಾನ್ಸರ್: ಹೊಸ ಮದ್ದು ಯಾರ ಮನೆಗೆ?

ಮರಳಿ, ಗಂಗಾವತಿ ಕಡೆಯ ಓದುಗರಿಗೆ ತೂಬಿನ ಮಹತ್ವ ಹೇಳಬೇಕಾಗಿಲ್ಲ. ಎಡದಂಡೆ ಕಾಲುವೆ ತುಂಬಿ ಹರಿದರೂ ತೂಬು ಮುಚ್ಚಿದ್ದರೆ ಗದ್ದೆ ಒಣಗುತ್ತದೆ; ಕೊಯ್ಲಿನ ಹೊತ್ತಿಗೆ ತೆರೆದರೆ ಪೈರು ಕೊಳೆಯುತ್ತದೆ. ನಮ್ಮ ಮೈಯ ಜೀವಕಣಗಳಲ್ಲಿಯೂ ಇಂಥದೇ ಏರ್ಪಾಡಿದೆ. ಕಣಕಣದಲ್ಲಿಯೂ ಅವೇ ವಂಶವಾಹಿಗಳು. ಯಾವುದು ದುಡಿಯಬೇಕು, ಯಾವುದು ಸುಮ್ಮನಿರಬೇಕೆಂಬುದನ್ನು ಅವುಗಳಿಗೆ ಅಂಟಿದ ರಾಸಾಯನಿಕ ಗುರುತುಗಳು ಗೊತ್ತುಮಾಡುತ್ತವೆ. ದೊಡ್ಡವರ ಕ್ಯಾನ್ಸರಿಗೆ ಹೋಲಿಸಿದರೆ ಮಕ್ಕಳ ಗೆಡ್ಡೆಗಳಲ್ಲಿ ಕೆಟ್ಟ ವಂಶವಾಹಿಗಳು ಕಡಿಮೆ; ಎಷ್ಟೋ ಸಲ ಕೆಟ್ಟಿರುವುದು ತೂಬು ಕಾಯುವ ವ್ಯವಸ್ಥೆಯೇ. ಕೂಸಿಗೆ ರೋಗ ಬಂತೆಂದು ತಾಯಿಯ ನಡತೆಯನ್ನೋ ಪೂರ್ವಜನ್ಮದ ಪಾಪವನ್ನೋ ದೂರುವ ಮಹನೀಯರು ಇದನ್ನು ಗಮನಿಸಲಿ.

ಈ ತೂಬುಗಳನ್ನೇ ಸರಿಪಡಿಸಹೊರಟ ಮದ್ದುಗಳು ಈಗ ಬಂದಿವೆ. 1960ರ ದಶಕದಲ್ಲಿ ಪ್ರಾಗ್ ನಗರದ ವಿಜ್ಞಾನಿಗಳು ತಯಾರಿಸಿದ ಅಜಾಸಿಟಿಡಿನ್ ಅವುಗಳಲ್ಲೊಂದು. ವಂಶವಾಹಿಯನ್ನು ಮುಚ್ಚಿಟ್ಟ ಗುರುತುಗಳನ್ನು ಅದು ಕಳಚುತ್ತದೆ. ಎಳೆಯ ಮಕ್ಕಳ ಒಂದು ವಿರಳ ರಕ್ತದ ಕ್ಯಾನ್ಸರಿಗೆ 2022ರಲ್ಲಿ ಅಮೆರಿಕ ಅದನ್ನು ಒಪ್ಪಿತು. ಪರೀಕ್ಷೆಯಲ್ಲಿದ್ದ 18 ಮಕ್ಕಳಲ್ಲಿ 9 ಮಂದಿಗೆ ಮೂರು ತಿಂಗಳಲ್ಲಿ ರೋಗ ತಗ್ಗಿತು. ಅಷ್ಟಕ್ಕೇ ಗುಣವಾಯಿತೆಂದಲ್ಲ, ಮುಂದೆ ಅಸ್ಥಿಮಜ್ಜೆಯ ಕಸಿ ಬೇಕು. ಗೆಡ್ಡೆಗಳ ವಿಷಯದಲ್ಲಂತೂ ಇಂಥ ಮದ್ದುಗಳು ಬಹುಮಟ್ಟಿಗೆ ಪರೀಕ್ಷೆಯ ಹಂತದಲ್ಲೇ ಇವೆ.

ಮದ್ದು ನಮ್ಮಿಂದ ಅಷ್ಟೇನೂ ದೂರವಿಲ್ಲ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2013ರಲ್ಲಿಯೇ ಅಜಾಸಿಟಿಡಿನ್ನನ್ನು ಅಮೆರಿಕದ ಪೇಟೆಗೆ ಇಳಿಸಿದೆ. ದೂರವಿರುವುದು ನಮ್ಮ ಮಕ್ಕಳು. ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ತಗಲಿದ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಬಡ ದೇಶಗಳಲ್ಲಿ 30 ಮಂದಿಯೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ರೋಗವನ್ನು ತಡವಾಗಿ ಗುರುತಿಸುವುದು, ಚಿಕಿತ್ಸೆಯನ್ನು ನಡುವೆ ಬಿಡುವುದು ಇದಕ್ಕೆ ದೊಡ್ಡ ಕಾರಣಗಳು.

ನಡುವೆ ಬಿಡುವುದೇಕೆ? 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಆಸ್ಪತ್ರೆ ಇರುವುದು ಬೆಂಗಳೂರಿನಲ್ಲಿ, ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಆಚೆ. ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಬಿಲ್ಲನ್ನು ಹೊತ್ತೀತು. ಭತ್ತದ ಗಿರಣಿಯಲ್ಲಿ ಚೀಲ ಹೊರುವ ಹಮಾಲನ ಆರು ತಿಂಗಳ ಕೂಲಿಯನ್ನು ಯಾರು ಹೊರಬೇಕು? ಬಾಗಿಲು ಹಾಕಿದ ಕಿರಾಣಿ ಅಂಗಡಿಯ ಸಾಲದ ಬಡ್ಡಿಯನ್ನು?

ಮಗುವಿನ ಜೊತೆ ನಿಲ್ಲುವ ಒಬ್ಬರಿಗೆ ಚಿಕಿತ್ಸೆ ಮುಗಿಯುವವರೆಗೂ ದಿನಗೂಲಿಯನ್ನು ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯಿಂದ ಕೊಡತಕ್ಕದ್ದು. ಸಣ್ಣ ವ್ಯಾಪಾರಿಗಳನ್ನೂ ಅದರಲ್ಲಿ ಸೇರಿಸತಕ್ಕದ್ದು. ನಡುನಡುವಿನ ರಕ್ತಪರೀಕ್ಷೆ, ಇಂಜೆಕ್ಷನ್‌ಗಳು ಕೊಪ್ಪಳದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೇ ಆಗುವಂತೆ ಸರಕಾರ ಏರ್ಪಾಡು ಮಾಡಲಿ. ಅಲ್ಲಿಯವರೆಗೆ ಕಾಯದೆ ತಾಯಂದಿರು ಒಂದು ಕೆಲಸ ಮಾಡಬಹುದು: ಮಗುವಿನ ಕಣ್ಣಪಾಪೆಯಲ್ಲಿ ಬಿಳಿ ಹೊಳಪು, ಹೊಟ್ಟೆಯಲ್ಲಿ ಗಡ್ಡೆ, ವಾರಗಟ್ಟಲೆ ಬಿಡದ ಜ್ವರ ಕಂಡರೆ ಅಂದೇ ದೊಡ್ಡಾಸ್ಪತ್ರೆಗೆ ತೋರಿಸಿರಿ.